ನೀರಿನ ದಾರಿ ಹಿಡಿದು ಒಂದು ಸುತ್ತು

ಬಂಟ್ವಾಳವೆಂದರೆ ನಮ್ಮ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ಬಸ್ಸಿನ ಕಿಟಕಿಯಿಂದ ಕಾಣುವ ಊರು. ಧರ್ಮಸ್ಥಳಕ್ಕೆ ಹೋಗುವವರು ಅದನ್ನು ಹಾದುಹೋಗುತ್ತಾರೆ. ಸುಬ್ರಹ್ಮಣ್ಯಕ್ಕೆ ಹೋಗುವವರೂ ಹಾದುಹೋಗುತ್ತಾರೆ. ನೇತ್ರಾವತಿಯ ಸೇತುವೆಯ ಮೇಲೆ ಮಕ್ಕಳು ಒಂದು ಕ್ಷಣ ಕತ್ತು ಹೊರಳಿಸಿ ನೋಡುವರು. ಅಷ್ಟರಲ್ಲಿ ನದಿ ಹಿಂದೆ ಸರಿದಿರುತ್ತದೆ. ಈ ತಾಲೂಕಿನಲ್ಲಿ ಇಳಿದು, ಒಂದು ದಿನ ಕಾಲ್ನಡಿಗೆಯಲ್ಲಿ ಸುತ್ತಿ, ಹೊರಟಲ್ಲಿಗೇ ಮರಳಬಹುದಾದ ಒಂದು ಸುಂದರ ಸುತ್ತುದಾರಿ ಉಂಟೆಂಬುದು ಅನೇಕರಿಗೆ ತಿಳಿಯದು. ಅದು ಶಿಖರವನ್ನೇರುವ ಸಾಹಸವಲ್ಲ. ನಡೆಯಬಲ್ಲ ಹತ್ತು ವರ್ಷದ ಹುಡುಗನಿಗೂ, ಮೊಣಕಾಲು ಗಟ್ಟಿಯಿರುವ ಅವನ ಅಜ್ಜನಿಗೂ ಒಗ್ಗುವಂಥದು. ಅದರ ಗುರಿ ಒಂದೇ: ಗುಡ್ಡದ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ, ಎಲ್ಲಿ ಮರಳಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಹಿಂಬಾಲಿಸಿ ನೋಡುವುದು.

ಗುಹೆಗಳಿಗೂ ತೀರ್ಥಗಳಿಗೂ ಈ ಸೀಮೆಯಲ್ಲಿ ಬರವಿಲ್ಲ. ಕಲ್ಲಡ್ಕಕ್ಕೆ ಮೊದಲು ಹೆದ್ದಾರಿಯ ಬದಿಯಲ್ಲೇ ಎದ್ದು ನಿಂತಿರುವ ನರಹರಿ ಪರ್ವತದ ತುದಿಯಲ್ಲಿ ಸದಾಶಿವನ ಗುಡಿಯ ಬಳಿ ಶಂಖ, ಚಕ್ರ, ಗದಾ, ಪದ್ಮಗಳೆಂಬ ನಾಲ್ಕು ತೀರ್ಥಗಳಿವೆ. ವಗ್ಗದ ಕಡೆಯ ಕಾರಿಂಜದಲ್ಲಿ ಈಶ್ವರನು ಬಂಡೆಯ ನೆತ್ತಿಯ ಮೇಲೂ ಪಾರ್ವತಿಯು ಅದಕ್ಕಿಂತ ಕೆಳಗೂ ನೆಲೆಸಿದ್ದಾರೆ. ಬುಡದ ಗದಾತೀರ್ಥವು ಭೀಮನ ಗದೆಯ ಪೆಟ್ಟಿನಿಂದ ಆದುದೆಂದು ಐತಿಹ್ಯ. ಉತ್ತರಕ್ಕೆ, ಮೂಡುಬಿದಿರೆಗೆ ಹೋಗುವ ದಾರಿಯಿಂದ ಒಳಗಿರುವ ನೆಲ್ಲಿತೀರ್ಥದಲ್ಲಿ ಮುರಕಲ್ಲಿನ ಸಹಜ ಗುಹೆಯೊಂದುಂಟು. ಭಕ್ತರು ಬಗ್ಗಿ, ತೆವಳಿ, ಒಳಗಿನ ಶಿವಲಿಂಗವನ್ನೂ ನೀರನ್ನೂ ತಲುಪುತ್ತಾರೆ; ಮಳೆಗಾಲದಲ್ಲಿ ಪ್ರವೇಶವಿಲ್ಲ. ನೆಲ್ಲಿಕಾಯಿ ಗಾತ್ರದ ಹನಿಗಳು ಲಿಂಗದ ಮೇಲೆ ತೊಟ್ಟಿಕ್ಕುವುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ.

ಇವೆಲ್ಲ ದೇವರ ಗುಹೆಗಳು, ದೇವರ ತೀರ್ಥಗಳು. ಇವುಗಳ ವಿಷಯ ಬರೆದವರು ಬಹಳ ಮಂದಿ. ನಾನು ಇಲ್ಲಿ ಹೇಳಹೊರಟಿರುವುದು ಮನುಷ್ಯನ ಗುಹೆಗಳ ಮತ್ತು ಮನುಷ್ಯನ ತೀರ್ಥಗಳ ವಿಷಯ. ತಾಲೂಕಿನ ತೆಂಕಣ ಅಂಚಿನಲ್ಲಿ, ವಿಟ್ಲದಿಂದಾಚೆ, ಕೇಪು, ಅಡ್ಯನಡ್ಕ, ಪೆರುವಾಯಿ, ಮಾಣಿಲಗಳ ಗುಡ್ಡಗಳೊಳಗೆ ನೂರಾರು ಗುಹೆಗಳಿವೆ. ಅವನ್ನು ಅಲ್ಲಿನ ಜನ ‘ಸುರಂಗ’ವೆನ್ನುತ್ತಾರೆ. ಒಂದೊಂದನ್ನೂ ಯಾರೋ ಒಬ್ಬರು ಕೈಯಾರೆ ತೋಡಿದ್ದಾರೆ. ಒಂದೊಂದರ ಬಾಯಿಂದಲೂ ನೀರು ತಾನೇ ಹರಿದು ಬರುತ್ತದೆ.

ಹೆಸರುಗಳೇ ನಕ್ಷೆ

ಸುತ್ತಾಟಕ್ಕೆ ಮೊದಲು ನಕ್ಷೆ ಬೇಕು. ಈ ಸೀಮೆಯಲ್ಲಿ ಊರುಗಳ ಹೆಸರನ್ನು ಬಿಡಿಸಬಲ್ಲವನಿಗೆ ಅರ್ಧ ನಕ್ಷೆ ಕೈಗೆ ಬಂದಂತೆ. ಮಂಗಳೂರಿನಿಂದ ಹೆದ್ದಾರಿಯಲ್ಲಿ ಬಂದು ಬಲಕ್ಕೆ ತಿರುಗುವ ಊರು ಕಲ್ಲಡ್ಕ. ಅಲ್ಲಿ ಹಾಲು ಒಂದು ಪದರ, ಚಹಾ ಒಂದು ಪದರವಾಗಿ ಗಾಜಿನ ಲೋಟದಲ್ಲಿ ನಿಲ್ಲುವ ಪ್ರಸಿದ್ಧವಾದ ‘ಕೆ.ಟಿ.’ಯನ್ನು ಕುಡಿಯದೆ ಮುಂದುವರಿಯುವವರು ಕಡಿಮೆ. ಅಲ್ಲಿಂದ ವಿಟ್ಲ, ವಿಟ್ಲದಿಂದ ಮುಂದೆ ಅಡ್ಯನಡ್ಕ, ಗಡಿಯಲ್ಲಿ ಸಾರಡ್ಕ, ಆಮೇಲೆ ಕೇರಳದ ಪೆರ್ಲ. ಒಂದೇ ರಸ್ತೆಯಲ್ಲಿ ಮೂರು ‘ಅಡ್ಕ’ಗಳು! ಅಡ್ಕವೆಂದರೆ ಮುರಕಲ್ಲು ಹಾಸಿದ, ನೀರಿಲ್ಲದ ಸಮತಟ್ಟು ನೆಲ. ರಸ್ತೆ ಮಾಡಿದವರು ಜಾಣರು. ಕೆಸರಿಲ್ಲದ ಕಡೆಯನ್ನೇ ಹುಡುಕಿಕೊಂಡು ಹೋದರು. ರಸ್ತೆಯಲ್ಲೇ ಸಾಗುವವನಿಗೆ ಈ ನಾಡು ಬರಿಯ ಕಲ್ಲುನೆಲವಾಗಿ ತೋರಿದರೆ ಆಶ್ಚರ್ಯವಿಲ್ಲ.

ಅಡ್ಕಕ್ಕಿಂತ ಮೇಲೆ, ಗುಡ್ಡದ ನೆತ್ತಿಯಲ್ಲಿ ಹರಡಿಕೊಂಡ ಬಯಲು ‘ಪದವು’. ಗದ್ದೆಗಳಿಗೂ ಇಲ್ಲಿ ನೀರಿನ ಲೆಕ್ಕದಿಂದಲೇ ಹೆಸರು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಣದು ಮಜಲು, ಎಲ್ಲಕ್ಕಿಂತ ತಗ್ಗಿನಲ್ಲಿದ್ದು ನೀರು ಬಹುಕಾಲ ನಿಲ್ಲುವುದು ಬೈಲು. ಬೈಲಿನ ನಡುವೆ ಹರಿಯುವ ಹಳ್ಳ ‘ತೋಡು’. ಮಳೆನೀರನ್ನು ತಡೆದು ನಿಲ್ಲಿಸುವ ಹೊಂಡ ‘ಮದಕ’. ಇಷ್ಟು ಹೆಸರುಗಳನ್ನು ಕಲಿತರೆ ದಾರಿಯಲ್ಲಿ ಸಿಕ್ಕ ಯಾರನ್ನಾದರೂ ಕೇಳಿ ಮುಂದುವರಿಯಬಹುದು.

ನಮ್ಮ ಸುತ್ತು ಈ ಹೆಸರುಗಳ ಕ್ರಮದಲ್ಲೇ ಸಾಗುತ್ತದೆ. ಅಡ್ಯನಡ್ಕದಲ್ಲಿ ಬಸ್ಸಿಳಿದು ಬೆಳಗಿನ ತಂಪಿನಲ್ಲಿ ಪದವನ್ನು ಹತ್ತುವುದು. ಬಿಸಿಲೇರುವಷ್ಟರಲ್ಲಿ ಇನ್ನೊಂದು ಮಗ್ಗುಲಿನಿಂದ ಇಳಿದು ಸುರಂಗಗಳಿರುವ ತೋಟಗಳನ್ನು ಸೇರುವುದು. ಮಧ್ಯಾಹ್ನವನ್ನು ಅಲ್ಲಿನ ನೆರಳಿನಲ್ಲಿ ಕಳೆಯುವುದು. ಇಳಿಹೊತ್ತಿನಲ್ಲಿ ಬೈಲಿಗೆ ಬಂದು ತೋಡಿನ ಬದಿಯಿಂದ ಮರಳಿ ರಸ್ತೆಗೆ. ಏಳೆಂಟು ಕಿಲೋಮೀಟರು ಮೀರದಂತೆ ಇದನ್ನು ಹೊಂದಿಸಿಕೊಳ್ಳಬೇಕು. ದಾರಿ ಖಾಸಗಿ ತೋಟಗಳ ನಡುವೆ ಹೋಗುವುದರಿಂದ ಊರಿನ ಪರಿಚಿತರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ತೋಟದ ಯಜಮಾನರ ಒಪ್ಪಿಗೆ ಪಡೆದಿರುವುದು ಅವಶ್ಯ. ಮಂಗಳೂರಿನಿಂದ ಅಡ್ಯನಡ್ಕ ಸುಮಾರು 50 ಕಿಲೋಮೀಟರು; ಬೆಳಗಿನ ಮೊದಲ ಬಸ್ಸುಗಳಲ್ಲೇ ಹೊರಡುವುದು ಲೇಸು.

ಪದವಿನ ಮೇಲೆ

ಪದವು ಮೊದಲ ನೋಟಕ್ಕೆ ನಿರಾಶೆಯನ್ನೇ ಕೊಡುತ್ತದೆ. ಕಪ್ಪು ಕೆಂಪು ಬೆರೆತ ಒರಟು ಕಲ್ಲಿನ ಹಾಸು, ನಡುನಡುವೆ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ಬಗ್ಗಿ ನೋಡಿದರೆ ಕಲ್ಲೆಲ್ಲ ತೂತು, ಜೇನುಹಲ್ಲೆಯ ಹಾಗೆ. ಇದೇ ನಮ್ಮ ಮುರಕಲ್ಲು. ಕರಾವಳಿಯ ಮನೆ, ಗುಡಿ, ಆವರಣದ ಗೋಡೆಗಳೆಲ್ಲ ಇದರವೇ. ಸ್ಕಾಟ್‌ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಕುಂಪಣಿ ಸರಕಾರದ ಪರವಾಗಿ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದನು. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನೂ ಹಾದುಹೋದನು. ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. 1807ರಲ್ಲಿ ಅಚ್ಚಾದ ಅವನ ಗ್ರಂಥದಿಂದ ಆ ಹೆಸರು ಲೋಕದ ಭೂವಿಜ್ಞಾನಕ್ಕೆಲ್ಲ ಹಬ್ಬಿತು.

ಕಲ್ಲಿನ ಈ ತೂತುಗಳಲ್ಲೇ ಸೀಮೆಯ ಬದುಕೆಲ್ಲ ಅಡಗಿದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಇಳಿಜಾರಿನಲ್ಲಿ ಬಿದ್ದದ್ದು ತೋಡು ಸೇರಿ, ನದಿ ಸೇರಿ, ಕೆಲವೇ ಹೊತ್ತಿನಲ್ಲಿ ಕಡಲಿನತ್ತ ಓಡುತ್ತದೆ. ಪದವಿನ ತಗ್ಗುಗಳಲ್ಲಿ, ಮದಕಗಳಲ್ಲಿ ನಿಂತದ್ದು ಮಾತ್ರ ನಿಧಾನವಾಗಿ ಕೆಳಗಿಳಿಯುತ್ತದೆ. ಗಟ್ಟಿ ಹೆಪ್ಪಿನ ಕೆಳಗೆ ಮೆದುವಾದ ಮುರಕಲ್ಲು. ಅದರಡಿಯಲ್ಲಿ ಜಿಗುಟಾದ ಶೇಡಿಮಣ್ಣು. ಶೇಡಿಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದು. ಆದಕಾರಣ ಗುಡ್ಡದ ಹೊಟ್ಟೆಯಲ್ಲಿ ನೀರು ತಂಗಿ, ಮೆಲ್ಲಮೆಲ್ಲನೆ ಮಗ್ಗುಲಿಗೆ ಸರಿದು, ಎಲ್ಲೋ ಒಂದು ಕಡೆ ಒರತೆಯಾಗಿ ಹೊರಬೀಳುತ್ತದೆ. ಕಾಲಡಿಯ ಈ ಬರಡು ಹಾಸು ಒಂದು ದೊಡ್ಡ ಕೊಡದ ಬಾಯಿ. ಮಕ್ಕಳಿಗೆ ಇದನ್ನು ಇಲ್ಲಿಯೇ ನಿಲ್ಲಿಸಿ ಹೇಳಬೇಕು. ಇಳಿದ ಮೇಲೆ ಹೇಳಿದರೆ ರುಚಿಯಿರದು.

ಪದವಿನ ಮೇಲಿಂದ ನೋಡಿದರೆ ತೆಂಕಣ ಗುಡ್ಡಗಳು ಕೇರಳದವು. 1956ರ ನವೆಂಬರ್ 1ರಂದು ಕಾಸರಗೋಡು ಆ ರಾಜ್ಯಕ್ಕೆ ಸೇರಿತು. ಗಡಿಯ ಎರಡೂ ಕಡೆ ಅದೇ ಅಡಿಕೆ ತೋಟ, ಅದೇ ಸುರಂಗ, ಅದೇ ತುಳು ಕನ್ನಡಗಳ ಮಾತು. ಆ ಕಡೆಯ ಎಣ್ಮಕಜೆ, ಪಡ್ರೆಗಳ ಹೆಸರು ಒಂದು ದುಃಖದ ಕಾರಣದಿಂದ ದೇಶಕ್ಕೆಲ್ಲ ಪರಿಚಿತವಾಯಿತು. ಗುಡ್ಡದ ಮೇಲಣ ಸರಕಾರಿ ಸ್ವಾಮ್ಯದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸಿಂಪಡಿಸುತ್ತಿದ್ದರು. ಮೇಲೆ ಬಿದ್ದದ್ದು ಮಳೆಯೊಡನೆ ಕೆಳಗಿನ ನೀರಿಗೂ ಇಳಿಯಿತು. ಕೆಳಗಿನ ಊರುಗಳಲ್ಲಿ ರೋಗಗಳೂ ಅಂಗವೈಕಲ್ಯಗಳೂ ಕಾಣಿಸಿಕೊಂಡು, ದೀರ್ಘ ಹೋರಾಟ ನಡೆದು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಔಷಧಿಯನ್ನು ನಿಷೇಧಿಸಿತು. ಪದವಿಗೂ ಕೆಳಗಿನ ಮನೆಯ ಕೊಡಕ್ಕೂ ಇರುವ ನಂಟು ಎಷ್ಟು ನೇರವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಾಗಿಲ್ಲ.

ಗುಡ್ಡದ ಹೊಟ್ಟೆಯೊಳಗೆ

ಪದವಿನಿಂದ ಇಳಿಯುವಾಗ ಗಾಳಿ ಒಮ್ಮೆಲೇ ತಂಪಾಗುವ ಜಾಗವೊಂದು ಬರುತ್ತದೆ. ಅಲ್ಲಿಂದ ಅಡಿಕೆ ತೋಟ ಆರಂಭ. ತೋಟದ ಮೇಲ್ಗಡೆ, ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯಲ್ಲಿ, ಒಬ್ಬ ಮನುಷ್ಯ ಹೊಗಬಹುದಾದಷ್ಟು ಒಂದು ಕಂಡಿ. ಅದೇ ಸುರಂಗದ ಬಾಯಿ.

ಸುರಂಗವೆಂದರೆ ಅಡ್ಡಲಾಗಿ ತೋಡಿದ ಬಾವಿ ಎನ್ನಬಹುದು. ಎತ್ತರ ಸುಮಾರು ಆರು ಅಡಿ. ಅಗಲ ಎರಡು ಅಡಿಯ ಆಸುಪಾಸು. ಉದ್ದ ಮಾತ್ರ ಹಣೆಬರಹದಂತೆ: ಕೆಲವಕ್ಕೆ ಹತ್ತಿಪ್ಪತ್ತು ಅಡಿಗೇ ನೀರು ಸಿಕ್ಕೀತು; ಕೆಲವು ನೂರಾರು ಅಡಿ ಹೋಗಬೇಕಾದೀತು. ಒಳಗಿನಿಂದ ಬಾಯಿಯ ಕಡೆಗೆ ನೆಲ ತುಸುವೇ ಇಳಿಜಾರಾಗಿರುತ್ತದೆ. ಒರತೆಯ ನೀರು ಆ ಇಳಿಜಾರಿನಲ್ಲಿ ಹರಿದು ಬಂದು ಬಾಯಿಯ ಬಳಿಯ ಸಣ್ಣ ಮಣ್ಣಿನ ಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹಿಂದೆ ಅಡಿಕೆ ಮರದ ದಂಬೆಯ ಮೂಲಕ, ಇಂದು ಪ್ಲಾಸ್ಟಿಕ್ ಕೊಳವೆಯ ಮೂಲಕ, ಕೆರೆಗೋ ಮನೆಯ ತೊಟ್ಟಿಗೋ ಇಳಿಯುತ್ತದೆ. ಹಗ್ಗವಿಲ್ಲ, ರಾಟೆಯಿಲ್ಲ, ಪಂಪಿಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ಹಗಲೂ ರಾತ್ರಿಯೂ ಅದು ಹರಿಯುತ್ತಿರುತ್ತದೆ.

ತೋಡುವ ಕೆಲಸಕ್ಕೆ ಇಬ್ಬರು ಸಾಕು. ಒಬ್ಬ ಮುಂದೆ ಕುಳಿತು ಪಿಕ್ಕಾಸಿನಿಂದ ಅಗೆಯುತ್ತಾನೆ. ಇನ್ನೊಬ್ಬ ಮಣ್ಣನ್ನು ಹೊರಗೆ ಸಾಗಿಸುತ್ತಾನೆ. ಕಳೆದ ವೈಶಾಖದಲ್ಲಿ ನಾನು ಕೆಲವು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ, ಯೌವನದಲ್ಲಿ ಹಲವು ಸುರಂಗಗಳನ್ನು ತೋಡಿದ ಹಿರಿಯರೊಬ್ಬರು ತೋಟದಲ್ಲಿ ಸಿಕ್ಕರು.

‘ಅಜ್ಜಾ, ಒಳಗೆ ನೀರುಂಟೆಂದು ಹೊರಗಿನಿಂದ ತಿಳಿಯುವುದು ಹೇಗೆ?’ ಎಂದು ಕೇಳಿದೆ.

‘ಮರ ನೋಡುವುದು ಮಾಸ್ಟ್ರೇ. ಬೇಸಗೆಯಲ್ಲಿ ಸುತ್ತೆಲ್ಲ ಒಣಗಿದಾಗ ಎಲ್ಲಿ ಹಸಿರುಂಟೋ ಅಲ್ಲಿ. ಹುತ್ತವನ್ನೂ ನೋಡುವುದು. ಮತ್ತೆ ಅದೃಷ್ಟ.’

‘ಎಷ್ಟು ಉದ್ದ ತೋಡುತ್ತಿದ್ದಿರಿ?’

‘ನೀರು ಸಿಗುವವರೆಗೆ. ಇಲ್ಲವೇ ಧನಿಗಳ ದುಡ್ಡು ಮುಗಿಯುವವರೆಗೆ.’

ವಿದ್ಯಾರ್ಥಿಗಳು ನಕ್ಕರು. ಒಳಗಿನ ಕತ್ತಲೆಗೆ ಏನು ಮಾಡುತ್ತಿದ್ದಿರೆಂದು ಅವರಲ್ಲೊಬ್ಬ ಕೇಳಿದನು. ಹಿರಿಯರು ಹೇಳಿದರು: ‘ತೆಂಗಿನೆಣ್ಣೆಯ ದೀಪ ಇಟ್ಟುಕೊಳ್ಳುವುದು ಮಗಾ. ಅದು ಬೆಳಕಿಗೆ ಮಾತ್ರ ಅಲ್ಲ. ದೀಪ ಸಣ್ಣದಾಯಿತೋ, ಕೆಲಸ ಬಿಟ್ಟು ಹೊರಗೆ ಬರುವುದು. ದೀಪಕ್ಕೆ ಉಸಿರು ಕಟ್ಟುವಲ್ಲಿ ಮನುಷ್ಯನಿಗೆ ಏನು ಕೆಲಸ?’

ಆಮೇಲೆ ನಗು ಬರಲಿಲ್ಲ. ಮನೆಯವರು ‘ಆಸರಿಗೆ’ ಎಂದು ಬೆಲ್ಲವನ್ನೂ ತಂಬಿಗೆಯಲ್ಲಿ ಸುರಂಗದ ನೀರನ್ನೂ ತಂದಿಟ್ಟರು. ನೀರು ತಣ್ಣಗಿತ್ತು, ಮೇಲೆ ಪದವು ಕಾದ ಹೆಂಚಾಗಿತ್ತು.

ಇದೇ ಕೇಪು ಗ್ರಾಮದ ಅಮೈಯಲ್ಲಿ ಮಹಾಲಿಂಗ ನಾಯ್ಕರ ತೋಟವಿದೆ. ಅವರು ಅಡಿಕೆ, ತೆಂಗಿನ ಮರಗಳನ್ನೇರುವ ಕೂಲಿಯವರಾಗಿದ್ದರು. 1970ರ ದಶಕದಲ್ಲಿ ಅವರಿಗೆ ಧನಿಗಳಿಂದ ಎರಡು ಎಕರೆ ನೆಲ ದೊರೆಯಿತು. ಹುಲ್ಲಲ್ಲದೆ ಬೇರೇನೂ ಬೆಳೆಯದ ಕಡಿದಾದ ಗುಡ್ಡದ ಮಗ್ಗುಲು. ಹಗಲೆಲ್ಲ ಕೂಲಿ ಮಾಡಿ, ಉಳಿದ ಹೊತ್ತಿನಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಸುರಂಗ ತೋಡತೊಡಗಿದರು. ಒಂದಾದ ಮೇಲೊಂದರಂತೆ ಐದು ಸುರಂಗಗಳು ಬರಿದಾದುವು. ವರುಷಗಳ ದುಡಿಮೆ ಮಣ್ಣುಪಾಲಾಯಿತೆಂದು ಕಂಡವರು ಹೇಳಿದರು. ಆರನೆಯದರಲ್ಲಿ ನೀರು ಬಂತು. ಗುಡ್ಡದ ಮಗ್ಗುಲನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲು ಹೊತ್ತು ಕಟ್ಟಿ, ಅಡಿಕೆ, ತೆಂಗು, ಬಾಳೆ, ಕರಿಮೆಣಸುಗಳನ್ನು ಬೆಳೆದರು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಐದು ಸಲ ಸೋತವನು ಆರನೆಯ ಸಲ ಹಾರೆ ಎತ್ತಿಕೊಂಡ ಆ ಸಂಜೆಯನ್ನು ಯಾವ ಬಿರುದೂ ಪೂರ್ತಿಯಾಗಿ ಅಳೆಯಲಾರದು.

ಇಂಥ ಅಡ್ಡಬಾವಿಗಳು ಲೋಕದಲ್ಲಿ ಬೇರೆಡೆಯೂ ಉಂಟು. ಇರಾನಿನ ಕನಾತ್‌ಗಳು ಅತ್ಯಂತ ಪ್ರಾಚೀನವಾದುವು. 2016ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮದೇ ಬೀದರಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಸಾಲಾಗಿ ಇಳಿಬಿಟ್ಟ ಗಾಳಿಬಾವಿಗಳಿಂದ ಕೂಡಿ, ಊರಿಗೂ ಕೋಟೆಗೂ ನೀರು ಒದಗಿಸಲೆಂದು ಕಟ್ಟಿದುದು. ಬೀದರಿನ ಕೆಲಸ ಅರಸರದು. ಅದಕ್ಕೆ ಬೊಕ್ಕಸವಿತ್ತು, ಚರಿತ್ರೆಯಲ್ಲಿ ಸ್ಥಾನವೂ ಸಿಕ್ಕಿತು. ವಿಟ್ಲ ಸೀಮೆಯ ಸುರಂಗಗಳಿಗೆ ಶಾಸನವಿಲ್ಲ. ಒಂದು ಮನೆ, ಒಂದು ತೋಟ, ಇಬ್ಬರು ಕೂಲಿಗಳು, ಒಂದು ದೀಪ. ಇಷ್ಟರಿಂದಲೇ ಆದುವು.

ಬೈಲಿಗೆ ಇಳಿದಾಗ

ಮೂರು ಗಂಟೆ ಕಳೆದ ಮೇಲೆ ತೋಟದಿಂದ ಬೈಲಿಗೆ ಇಳಿಯಬೇಕು. ಸುರಂಗದ ನೀರು ಕೆರೆ ತುಂಬಿ, ತೋಟ ಕುಡಿದು, ಉಳಿದದ್ದು ತೋಡಿಗೆ ಬರುತ್ತದೆ. ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರುಗಳಲ್ಲಿ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ‘ಕಟ್ಟ’ ಕಟ್ಟುವುದು ಇಲ್ಲಿನ ಹಳೆಯ ವಾಡಿಕೆ. ಮುಂದಿನ ಮಳೆಗಾಲದ ಮೊದಲ ನೆರೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ವರ್ಷವೂ ಹೊಸದಾಗಿ ಕಟ್ಟುತ್ತಾರೆ. ಕಟ್ಟದ ಹಿಂದೆ ನಿಂತ ನೀರು ಎರಡು ದಂಡೆಗಳ ಬಾವಿಗಳನ್ನೂ ತಣಿಸುತ್ತದೆ. ಹಲವು ಮನೆಯವರು ಕೂಡಿಯೇ ಮಾಡಬೇಕಾದ ಕೆಲಸವಾದುದರಿಂದ ಒಂದು ಊರಿನ ಒಗ್ಗಟ್ಟನ್ನು ಅದರ ಕಟ್ಟಗಳಿಂದ ಅಳೆಯಬಹುದು. ಗದ್ದೆಯ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರಾಗಿ ನಡೆಯುತ್ತ ಹೋದರೆ, ಬೆಳಗ್ಗೆ ಹೊರಟ ರಸ್ತೆ ಸಂಜೆಗೆ ಮತ್ತೆ ಎದುರಾಗುತ್ತದೆ.

ಇಳಿಯುವಾಗ ಬತ್ತಿದ ಸುರಂಗಗಳೂ ಕಂಡೇ ಕಾಣುತ್ತವೆ. ಬಾಯಿ ಕುಸಿದು, ಜರಿಗಿಡ ಮುಚ್ಚಿ, ಒಳಗೆ ಬಾವಲಿಗಳು ಮಾತ್ರ. ಪಕ್ಕದಲ್ಲೇ ಕೊಳವೆಬಾವಿಯ ಕಬ್ಬಿಣದ ಕೊಳವೆ ನಿಂತಿರುವುದೂ ಉಂಟು. ಯಜಮಾನನನ್ನು ದೂರುವುದು ಸುಲಭ; ಅವನ ಕಷ್ಟವನ್ನೂ ತಿಳಿಯಬೇಕು. ತೋಟ ಹಿಗ್ಗಿತು, ಸುರಂಗದ ನೀರು ಹಿಗ್ಗಲಿಲ್ಲ. ತೋಡುವ ಕಸುಬು ಬಲ್ಲವರು ಮುದುಕರಾದರು. ಮಕ್ಕಳು ಪೇಟೆ ಸೇರಿದರು. ಯಂತ್ರ ಬಂದರೆ ಒಂದೇ ದಿನದಲ್ಲಿ ನೂರಾರು ಅಡಿ ಕೊರೆಯುತ್ತದೆ. ಆದರೆ ಕೊಳವೆಬಾವಿ ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ಕೂಡಿಟ್ಟ ನೀರನ್ನು ಮೇಲೆತ್ತುತ್ತದೆ. ಸುರಂಗವು ಗುಡ್ಡ ತಾನಾಗಿ ಬಿಟ್ಟುಕೊಟ್ಟಷ್ಟನ್ನು ಮಾತ್ರ ಪಡೆಯುತ್ತದೆ. ಮೊದಲನೆಯದು ಇಡುಗಂಟಿಗೆ ಕೈಹಾಕುವುದು, ಎರಡನೆಯದು ಬಡ್ಡಿಯಲ್ಲಿ ಬಾಳುವುದು. ಇತ್ತ ಪದವಿನ ಮೇಲೆ ಮುರಕಲ್ಲಿನ ಕೋರೆಗಳು ಹೆಪ್ಪನ್ನು ಕೆತ್ತುತ್ತಿವೆ. ಮಣ್ಣು ತೋಡುವ ಯಂತ್ರಗಳು ಗುಡ್ಡದ ಮಗ್ಗುಲನ್ನು ಕಡಿಯುತ್ತಿವೆ. ಕೊಡದ ಬಾಯನ್ನೇ ಒಡೆದರೆ ಕೆಳಗೆ ನಲ್ಲಿ ತಿರುವಿ ಫಲವೇನು?

ಇದನ್ನೆಲ್ಲ ಅರಿತು ಬರೆದವರೂ ಎಚ್ಚರಿಸಿದವರೂ ಇದೇ ನೆಲದಲ್ಲಿದ್ದಾರೆ. ಪಡ್ರೆಯ ಪತ್ರಕರ್ತ ಶ್ರೀ ಪಡ್ರೆಯವರು ಸುರಂಗ, ಮದಕ, ಕಟ್ಟಗಳ ವಿಷಯವಾಗಿ ದಶಕಗಳಿಂದ ಬರೆಯುತ್ತ, ಓಡುವ ಮಳೆನೀರನ್ನು ನಡೆಸಿ, ನಡೆಯುವುದನ್ನು ನಿಲ್ಲಿಸಿ, ನಿಂತದ್ದನ್ನು ಇಂಗಿಸುವ ಪಾಠವನ್ನು ರೈತರಿಗೆ ಹೇಳುತ್ತ ಬಂದಿದ್ದಾರೆ. ಪದವಿನಲ್ಲಿ ಮದಕಗಳ ಹೂಳು ತೆಗೆದರೆ, ಇಳಿಜಾರಿನಲ್ಲಿ ಇಂಗುಗುಂಡಿಗಳನ್ನು ತೋಡಿದರೆ, ಕೆಳಗಿನ ಒರತೆಗಳಿಗೆ ಮತ್ತೆ ಬಲ ಬರುತ್ತದೆಂಬುದು ಈ ಪಾಠದ ಸಾರ.

ಹೋಗುವವರಿಗೆ ಕೆಲವು ಮಾತು

ಕಾಲ: ಮಳೆಗಾಲದಲ್ಲಿ ಬೇಡ. ಕಲ್ಲು ಜಾರುತ್ತದೆ, ನೆನೆದ ಸುರಂಗದ ಬಾಯಿ ಕುಸಿಯಬಹುದು. ನವೆಂಬರಿನಿಂದ ಜನವರಿಯವರೆಗೆ ನಡೆಯಲು ಹಿತ. ತೋಡು ತುಂಬಿರುತ್ತದೆ, ಕಟ್ಟ ಕಟ್ಟುವುದನ್ನೂ ಅಂಗಳದಲ್ಲಿ ಅಡಿಕೆ ಒಣಗುವುದನ್ನೂ ನೋಡಬಹುದು. ಆದರೆ ನೀರಿನ ನಿಜವಾದ ಬೆಲೆ ತಿಳಿಯಬೇಕಾದರೆ ಏಪ್ರಿಲ್ ಕೊನೆಯಲ್ಲಿ ಇನ್ನೊಮ್ಮೆ ಹೋಗಬೇಕು.

ಸುರಂಗದೊಳಗೆ: ಬಾಯಿಯ ಬಳಿ ನಿಂತು ನೋಡುವುದು ಸಾಕು. ಒಳಗೆ ಹೋಗುವುದಾದರೆ ಯಜಮಾನರ ಒಪ್ಪಿಗೆ ಇರಬೇಕು, ಬಲ್ಲವರು ಮುಂದಿರಬೇಕು. ಮಕ್ಕಳನ್ನು ಒಳಗೆ ಬಿಡಬಾರದು. ಹಾವು, ಬಾವಲಿ, ಕೆಟ್ಟ ಗಾಳಿ ಯಾವುದನ್ನೂ ಹಗುರವಾಗಿ ಕಾಣುವಂತಿಲ್ಲ. ಅದು ಒಂದು ಮನೆಯ ಕುಡಿಯುವ ನೀರು. ಕಾಲು ತೊಳೆಯುವುದು, ಸಾಬೂನು ಹಾಕುವುದು, ಎಲೆ ಕಾಗದ ಎಸೆಯುವುದು ಸರ್ವಥಾ ಕೂಡದು.

ಪದವಿನ ಮೇಲೆ: ಟೋಪಿ, ಗಟ್ಟಿ ಅಟ್ಟೆಯ ಚಪ್ಪಲಿ ಅಥವಾ ಬೂಟು, ಒಬ್ಬೊಬ್ಬರಿಗೆ ಎರಡು ಲೀಟರು ನೀರು. ಕೈಬಿಟ್ಟ ಕಲ್ಲುಕೋರೆಗಳ ಅಂಚಿಗೆ ಬೇಲಿಯಿರುವುದಿಲ್ಲ. ಅವುಗಳಲ್ಲಿ ನಿಂತ ನೀರು ಆಳವಾಗಿರುತ್ತದೆ. ಮಕ್ಕಳ ಕೈಹಿಡಿದೇ ನಡೆಯಿರಿ.

ಜನರೊಡನೆ: ತೋಟ ಪ್ರದರ್ಶನದ ಸ್ಥಳವಲ್ಲ, ದುಡಿಮೆಯ ಸ್ಥಳ. ಮೊದಲೇ ಹೇಳಿಕಳುಹಿಸಿ ಹೋದರೆ ಆಸರಿಗೆ ಬೆಲ್ಲನೀರು ಸಿಗದಿರದು. ಸುರಂಗ ತೋಡಿದವರು ಯಾರೆಂದು ಕೇಳಿರಿ. ಅವರ ಹೆಸರನ್ನು ಮಕ್ಕಳ ಪುಸ್ತಕದಲ್ಲಿ ಬರೆಯಿಸಿರಿ.

ಪೇಟೆಯ ಮನೆಗಳಲ್ಲಿ ನಲ್ಲಿ ತಿರುವಿದರೆ ನೀರು ಬರುತ್ತದೆ. ಅದರ ಹಿಂದಿನ ದಾರಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಬೆಳಗ್ಗೆ ಮಳೆ ಬೀಳುವ ಜಾಗದಲ್ಲಿ ನಿಂತು, ಮಧ್ಯಾಹ್ನ ಅದು ಹೊರಬರುವ ಬಾಯಿಯ ಬಳಿ ಕುಳಿತು, ಸಂಜೆ ಅದು ಹರಿದುಹೋಗುವ ತೋಡಿನ ಬದಿಯಲ್ಲಿ ನಡೆದರೆ, ಒಂದೇ ದಿನದಲ್ಲಿ ಆ ದಾರಿಯೆಲ್ಲ ಕಂಡುಹೋಗುತ್ತದೆ. ನೋಡಿದ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಒಂದು ಮದಕದ ಹೂಳೆತ್ತಿಸಿದರೆ, ಅಡ್ಯನಡ್ಕಕ್ಕೆ ಕೊಟ್ಟ ಬಸ್ಸಿನ ಬಾಡಿಗೆ ದುಬಾರಿಯಾಯಿತೆಂದು ಯಾರೂ ಹೇಳಲಾರರು.